ಕಿವಿ ಮೇಸ್ತ್ರಿಯ ಜೋಡಿ ಟರ್ಬೊ

ಕಿವಿ ಮೇಸ್ತ್ರಿಗೆ ಆ ಹೆಸರು ಬಂದದ್ದು ಕಿವಿ ದೊಡ್ಡದಿದ್ದುದಕ್ಕಲ್ಲ. ಅಳತೆಗೆ ಅವು ಸಾಧಾರಣ ಕಿವಿಗಳೇ. ಬಲಗಿವಿಯ ಸಂದಿಯಲ್ಲಿ ಸದಾ ಒಂದು ಮೊಂಡು ಪೆನ್ಸಿಲ್, ಎಡಗಿವಿಯ ಅಂಚಿಗೆ ಗ್ರೀಸಿನ ಒಂದು ಗೆರೆ, ಅಷ್ಟೇ. ಹೆಸರು ಬಂದದ್ದು ಆ ಕಿವಿಗಳ ಕೆಲಸದಿಂದ. ಬೇರೆ ಗ್ಯಾರೇಜಿನವರು ಬಾನೆಟ್ ಎತ್ತಿ, ಅದನ್ನು ಬಿಚ್ಚಿ ಇದನ್ನು ಬಿಚ್ಚಿ, ನೆಲದ ತುಂಬ ಸಾಮಾನು ಹರವಿಕೊಂಡು ತಲೆ ಕೆರೆದುಕೊಳ್ಳುವ ಹೊತ್ತಿಗೆ ನಮ್ಮ ಮೇಸ್ತ್ರಿ ದೂರದ ಸ್ಟೂಲಿನಲ್ಲಿ ಕಣ್ಣು ಮುಚ್ಚಿ ಕೂತು "ಮೂರನೇ ಸಿಲಿಂಡರು, ಹೊಗೆ ಹೋಗೋ ಕಡೆ ವಾಲ್ವು" ಎಂದುಬಿಡುತ್ತಿದ್ದ. ಬಿಚ್ಚಿ ನೋಡಿದರೆ ಮೂರನೇ ಸಿಲಿಂಡರೇ, ಆ ವಾಲ್ವೇ.

ಒಮ್ಮೆ ಕ್ಷೌರದಂಗಡಿಯಲ್ಲಿ ಮುಖದ ತುಂಬ ಸೋಪು ಹಚ್ಚಿಸಿಕೊಂಡು ಕೂತಿದ್ದಾಗ ಹೊರಗೆ ಒಂದು ಬಸ್ಸು ಹೋಯಿತಂತೆ. ಇವನು ಅರ್ಧ ಗಡ್ಡದಲ್ಲೇ ಎದ್ದು ಓಡಿ, ಬಸ್ಸು ನಿಲ್ಲಿಸಿ, "ಇನ್ನು ಮುನ್ನೂರು ಗಜಕ್ಕೆ ಫ್ಯಾನ್ ಬೆಲ್ಟ್ ಹೋಗುತ್ತೆ" ಅಂದನಂತೆ. ಡ್ರೈವರ್ ನಕ್ಕು ಗಾಡಿ ಬಿಟ್ಟ. ಮುನ್ನೂರಾ ಹತ್ತನೇ ಗಜಕ್ಕೆ ಬೆಲ್ಟು ಹೋಯಿತು. ಆ ಹತ್ತು ಗಜದ ವ್ಯತ್ಯಾಸ ಕಿವಿಯೊಳಗೆ ಸೋಪು ಹೋಗಿದ್ದರಿಂದ ಆದದ್ದು ಎಂದು ಮೇಸ್ತ್ರಿಯೇ ಹೇಳುತ್ತಿದ್ದ. ಇನ್ನೊಮ್ಮೆ ಯಾರೋ ಬೇರೆ ಊರಿನಿಂದ ಫೋನ್ ಮಾಡಿ, ಫೋನನ್ನು ಎಂಜಿನ್ನಿಗೆ ಹಿಡಿದು ಸದ್ದು ಕೇಳಿಸಿದರು. ಇವನು ಎಲ್ಲಾ ಕೇಳಿಸಿಕೊಂಡು, "ಗಾಡಿ ಗಟ್ಟಿಯಾಗಿದೆ ಸ್ವಾಮಿ, ಫೋನ್ ಹಿಡಿದಿದ್ದೀರಲ್ಲ, ನಿಮ್ಮ ಎದೆನೇ ಸ್ವಲ್ಪ ಗೊರಗೊರ ಅಂತಿದೆ, ತೋರಿಸ್ಕೊಳ್ಳಿ" ಅಂದನಂತೆ. ಅವರು ತೋರಿಸಿಕೊಂಡು ಇನ್ನೂ ಇಪ್ಪತ್ತು ವರ್ಷ ಬದುಕಿದರಂತೆ. ಇದು ಸ್ವಲ್ಪ ಹೆಚ್ಚಾಯಿತು ಎನ್ನುವವರು ಬಸ್ಸಿನ ಕಥೆಯನ್ನಾದರೂ ನಂಬಬಹುದು. ಆ ಕ್ಷೌರಿಕ ಇನ್ನೂ ಇದ್ದಾನೆ.

ಇಂಥ ಮೇಸ್ತ್ರಿಗೆ ಅರವತ್ತಮೂರು ತುಂಬಿದ ವರ್ಷ ಹಲ್ಲಿನ ಡಾಕ್ಟರಮ್ಮ ತಮ್ಮ ಕಾರು ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿದರು. ಎರಡೇ ಸೀಟಿನ, ಕಡು ಹಸಿರು ಬಣ್ಣದ ಸ್ಪೋರ್ಟ್ಸ್ ಕಾರು. ನೆಲಕ್ಕೆ ಎಷ್ಟು ಹತ್ತಿರ ಅಂದರೆ, ಡಾಕ್ಟರಮ್ಮ ಅದರಿಂದ ಇಳಿಯಲಿಲ್ಲ, ಎದ್ದರು. ಅವರ ಹಿಂದೆಯೇ ಒಂದು ಸಾಮಾನಿನ ಗಾಡಿ ಬಂದು ಮರದ ದೊಡ್ಡ ಪೆಟ್ಟಿಗೆಯನ್ನು ಇಳಿಸಿ ಹೋಯಿತು.

"ಏನಮ್ಮಾ ಇದು, ಪಿಯಾನೋನಾ?" ಎಂದ ಮೇಸ್ತ್ರಿ.

"ಟರ್ಬೊ ಕಿಟ್ಟು. ಜೋಡಿ ಟರ್ಬೊ. ಎಡಕ್ಕೊಂದು, ಬಲಕ್ಕೊಂದು."

"ಗಾಡಿ ಈಗಲೇ ಚೆನ್ನಾಗಿ ಓಡುತ್ತಲ್ಲ?"

"ಮೂವತ್ತು ವರ್ಷದಿಂದ ಬೇರೆಯವರ ಬಾಯಿ ತೆರೆಸ್ತಾ ಬಂದಿದ್ದೀನಿ ಮೇಸ್ತ್ರಿ. ನನ್ನ ಬಾಯಿನೂ ಒಂದು ಸಲ ತಾನಾಗೇ ತೆರೀಲಿ ಅಂತ ಆಸೆ. ಮುಂದಿನ ತಿಂಗಳ ಕೊನೇ ಭಾನುವಾರ ಬೆಟ್ಟದ ರಸ್ತೇಲಿ ಗಾಡಿ ಹತ್ತಿಸೋ ಸ್ಪರ್ಧೆ ಇದೆ. ಕೆಳಗಿಂದ ತುದಿವರೆಗೆ, ಆಕ್ಸಿಲರೇಟರಿಂದ ಕಾಲು ತೆಗೀದೆ."

"ಹೆಸರು ಕೊಟ್ಟಿದ್ದೀರಾ?"

"ಕೊಟ್ಟಾಯ್ತು. ವಯಸ್ಸಿನ ಜಾಗದಲ್ಲಿ ಐವತ್ತೆಂಟು ಅಂತ ಬರೆದೆ. ಅವರು ಫೋನ್ ಮಾಡಿ, ಅಮ್ಮಾ ಇದು ಗಾಡಿ ನಂಬರ್ ಬರೆಯೋ ಜಾಗ ಅಲ್ಲ ಅಂದ್ರು."

ಮೇಸ್ತ್ರಿಗೆ ಆ ಕ್ಷಣವೇ ಡಾಕ್ಟರಮ್ಮ ಹಿಡಿಸಿಬಿಟ್ಟರು.

ಟರ್ಬೊ ಅಂದರೆ ದೊಡ್ಡ ಮಾಯೆಯೇನಲ್ಲ. ಎಂಜಿನ್ನು ಬೇಡವೆಂದು ಹೊರಗೆ ಬಿಟ್ಟ ಹೊಗೆ ಇರುತ್ತದಲ್ಲ, ಅದರ ರಭಸದಿಂದ ಬಸವನಹುಳುವಿನ ಚಿಪ್ಪಿನಂಥ ಕವಚದೊಳಗೆ ಒಂದು ಪುಟ್ಟ ಚಕ್ರ ತಿರುಗುತ್ತದೆ. ಆ ಚಕ್ರ ಇನ್ನೊಂದು ಚಕ್ರವನ್ನು ತಿರುಗಿಸಿ, ಹೊರಗಿನ ಗಾಳಿಯನ್ನು ಒತ್ತಿ ಒತ್ತಿ ಎಂಜಿನ್ನಿನ ಬಾಯಿಗೆ ತುರುಕುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚು ಉರಿಯುತ್ತದೆ, ಗಾಡಿಗೆ ಮೈಮೇಲೆ ಬಂದ ಹಾಗೆ ಆಗುತ್ತದೆ. ಡಾಕ್ಟರಮ್ಮನ ಎಂಜಿನ್ನಿಗೆ ಆರು ಸಿಲಿಂಡರ್, ಈ ಪಕ್ಕಕ್ಕೆ ಮೂರು, ಆ ಪಕ್ಕಕ್ಕೆ ಮೂರು. ಅದಕ್ಕೇ ಟರ್ಬೊನೂ ಎರಡು.

ಪೆಟ್ಟಿಗೆ ಒಡೆದು ಸಾಮಾನು ಜೋಡಿಸುವಾಗ ಮೊದಲ ಗ್ರಹಚಾರ ಎದುರಾಯಿತು. ಕಿಟ್ಟು ತಯಾರಾದ ದೇಶದಲ್ಲಿ ಸ್ಟೇರಿಂಗು ಇನ್ನೊಂದು ಪಕ್ಕಕ್ಕಿರುತ್ತದಂತೆ. ಇಲ್ಲಿ ಬಲಗಡೆಯ ಹೊಗೆ ಪೈಪು ನೇರವಾಗಿ ಹೋಗಿ ಸ್ಟೇರಿಂಗಿನ ಕಂಬಿಗೆ ಮುತ್ತಿಕ್ಕುತ್ತಿತ್ತು. ಮೇಸ್ತ್ರಿ ತನ್ನ ಭಾವಮೈದನನ್ನು ಕರೆದ. ಹೆಂಡತಿಯ ತಮ್ಮನಾದ ಇವನು ಗ್ಯಾರೇಜಿನ ಹಿಂದಿನ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡಿಕೊಂಡಿದ್ದ. ಐವತ್ತು ದಾಟಿದವನು, ಹುಬ್ಬು ಸುಟ್ಟುಕೊಂಡು ಸುಟ್ಟುಕೊಂಡು ಈಗ ಹುಬ್ಬೇ ಇಲ್ಲದವನು, ಯಾವಾಗಲೂ ಆಶ್ಚರ್ಯಪಟ್ಟವನ ಹಾಗೆ ಕಾಣುತ್ತಿದ್ದ.

"ಈ ಪೈಪ್ ಕತ್ತರಿಸಿ ಬೇರೆ ದಾರಿ ಹಿಡಿಸ್ಬೇಕು ಭಾವ. ಆದ್ರೆ ಇಷ್ಟು ಸಣ್ಣ ಜಾಗದಲ್ಲಿ ಮೂರು ತಿರುವು ಹೆಂಗೆ ತಗೊಳೋದು?"

ಇಬ್ಬರೂ ರಟ್ಟು ಕತ್ತರಿಸಿ ಸುತ್ತಿ ನೋಡಿದರು. ಸುತ್ತಿದ್ದೆಲ್ಲ ಸೊಟ್ಟ. ಎರಡು ದಿನ ಹೀಗೇ ಒದ್ದಾಡಿದ ಮೇಲೆ ಮೇಸ್ತ್ರಿಯ ಹೆಂಡತಿ ಮೇಲಿನಿಂದ ಇಳಿದು ಬಂದಳು. ಗ್ಯಾರೇಜಿನ ಮೇಲೆ ಅವರ ಮನೆ, ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ. ಕೋಟು, ಕುಪ್ಪಸ, ಶಾಲೆಯ ಯೂನಿಫಾರಂ ಎಲ್ಲ ಹೊಲಿದು ನಲವತ್ತು ವರ್ಷವಾಗಿತ್ತು. ಅವಳು ರಟ್ಟಿನ ರಾಶಿಯನ್ನು ನೋಡಿದಳು, ತಮ್ಮನನ್ನು ನೋಡಿದಳು.

"ಇದು ತೋಳು ಕಣೋ. ಮೊಣಕೈ ಹತ್ರ ಮಡಚೋ ತೋಳು. ಒಳಗಡೆ ಚಿಕ್ಕದು, ಹೊರಗಡೆ ದೊಡ್ಡದು ಕತ್ತರಿಸ್ಬೇಕು. ನೀವಿಬ್ರೂ ಎರಡು ಕಡೆನೂ ಒಂದೇ ಅಳತೆ ಕತ್ತರಿಸಿದ್ರೆ ಅದು ಎಲ್ಲಿಂದ ಬಗ್ಗುತ್ತೆ?"

ಕೊರಳಿನ ಟೇಪು ತೆಗೆದು ಎಂಜಿನ್ನಿನ ಸಂದಿಗೆ ಕೈ ಹಾಕಿ ಅಳತೆ ತೆಗೆದಳು. ಕಂದು ಕಾಗದದಲ್ಲಿ ನಮೂನೆ ಕತ್ತರಿಸಿದಳು. ಭಾವಮೈದ ಅದನ್ನು ಸ್ಟೀಲಿನ ಮೇಲಿಟ್ಟು ಗೆರೆ ಎಳೆದು ಬೆಸೆದ. ಪೈಪು ಸ್ಟೇರಿಂಗಿನ ಕಂಬಿಗೆ ಎರಡು ಬೆರಳು ದೂರದಲ್ಲಿ ಮರ್ಯಾದೆಯಿಂದ ಹಾದುಹೋಯಿತು.

ಮೂರು ವಾರ ಕೆಲಸ ನಡೆಯಿತು. ಟರ್ಬೊಗಳು ಕೂತವು, ಎಣ್ಣೆಯ ಕೊಳವೆಗಳು ಬಂದವು, ಬಿಸಿ ಗಾಳಿಯನ್ನು ತಣ್ಣಗೆ ಮಾಡುವ ಜಾಲರಿ ಬಂಪರಿನ ಹಿಂದೆ ಕೂತಿತು. ಒಂದು ಬೆಳಿಗ್ಗೆ ಡಾಕ್ಟರಮ್ಮನನ್ನು ಕರೆಸಿ, ಅವರ ಎದುರಿಗೇ ಎಂಜಿನ್ನು ಚಾಲೂ ಮಾಡಿದರು. ಮೇಸ್ತ್ರಿ ಬಾನೆಟ್ಟಿನ ಬಳಿ ನಿಂತು ಕೈಯಿಂದಲೇ ಆಕ್ಸಿಲರೇಟರ್ ತಂತಿ ಎಳೆದ. ಎಂಜಿನ್ನು ಗುಡುಗಿತು. ಗ್ಯಾರೇಜಿನ ಶಟರ್ ನಡುಗಿತು.

ಮೇಸ್ತ್ರಿಯ ಮುಖ ಅರಳಿತು. "ನೋಡಿದ್ರಾ ಅಮ್ಮಾ? ಬೇರೆಯವರು ಟರ್ಬೊ ಹಾಕಿದ್ರೆ ಊರಿಗೆಲ್ಲಾ ಶಿಳ್ಳೆ ಹೊಡಿಯುತ್ತೆ. ನಮ್ಮದು ನೋಡಿ, ಒಂದು ಚೂರು ಶಿಳ್ಳೆ ಇಲ್ಲ. ಜೋಡಣೆ ಅಂದ್ರೆ ಇದು."

ಡಾಕ್ಟರಮ್ಮ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದರು. ಭಾವಮೈದನ ಇಲ್ಲದ ಹುಬ್ಬು ಇನ್ನಷ್ಟು ಮೇಲೇರಿತು. ಎದುರಿನ ಪುಸ್ತಕದ ಅಂಗಡಿಯವನು ಯಾರಪ್ಪಾ ಈ ಸೀಟಿ ಊದುತ್ತಿರುವವರು ಎಂದು ಹೊರಗೆ ಬಂದು ನೋಡಿದ. ಎರಡು ನಾಯಿಗಳು ಎದ್ದು ಬೇರೆ ಬೀದಿಗೆ ಹೋದವು.

"ಮೇಸ್ತ್ರಿಗಳು ತಮಾಷೆ ಚೆನ್ನಾಗಿ ಮಾಡ್ತೀರಿ" ಎಂದು ಡಾಕ್ಟರಮ್ಮ ನಕ್ಕರು. "ನನ್ನ ಹಲ್ಲು ಕೊರೆಯೋ ಡ್ರಿಲ್ಲು ಇದೇ ಸದ್ದು ಮಾಡುತ್ತೆ. ಈಗ ಗೊತ್ತಾಯ್ತು, ನನ್ನ ಕುರ್ಚೀಲಿ ಕೂತವರು ಯಾಕೆ ಅದರ ಕೈನ ಹಂಗೆ ಬಿಗಿಯಾಗಿ ಹಿಡ್ಕೋತಾರೆ ಅಂತ."

ಭಾವಮೈದನೂ ನಕ್ಕ. ಅಂಗಡಿಯವನೂ ನಕ್ಕ. ಕಿವಿ ಮೇಸ್ತ್ರಿ ಜೋಕು ಹೊಡೆದಿದ್ದಾನೆ ಎಂದುಕೊಂಡರು ಎಲ್ಲರೂ. ಮೇಸ್ತ್ರಿಯೂ ನಕ್ಕ, ಆದರೆ ಒಂದು ಗಳಿಗೆ ತಡವಾಗಿ. ಏಕೆಂದರೆ ಅವನು ತಮಾಷೆ ಮಾಡಿರಲಿಲ್ಲ.

ಆ ಮಧ್ಯಾಹ್ನ ಅವನು ಮತ್ತೆ ಎಂಜಿನ್ನು ಚಾಲೂ ಮಾಡಿ ಟರ್ಬೊದ ಬಾಯಿಗೇ ಕಿವಿ ಕೊಟ್ಟ. ಗುಡುಗು ಕೇಳುತ್ತಿತ್ತು. ಬೆಲ್ಟು ಕೇಳುತ್ತಿತ್ತು. ಆರೂ ಸಿಲಿಂಡರುಗಳು ಒಂದೊಂದಾಗಿ ಹಾಜರಿ ಹೇಳುತ್ತಿದ್ದವು. ಶಿಳ್ಳೆ ಮಾತ್ರ ಇಲ್ಲ. ನನ್ನನ್ನು ಎಲ್ಲರೂ ಸೇರಿ ಆಟ ಆಡಿಸುತ್ತಿದ್ದಾರೆ ಎಂದುಕೊಂಡ. ನಾಯಿಗಳನ್ನೂ ಸೇರಿಸಿಕೊಂಡರಲ್ಲ ಎಂದು ಸ್ವಲ್ಪ ಬೇಜಾರಾಯಿತು.

ಶಿಳ್ಳೆ ಕೇಳಿಸದಿದ್ದರೆ ಹಾಳಾಗಿ ಹೋಗಲಿ, ಅದರಿಂದ ಯಾರಿಗೂ ನಷ್ಟವಿಲ್ಲ. ಕಷ್ಟ ಇದ್ದದ್ದು ಮುಂದಿನ ಕೆಲಸದಲ್ಲಿ. ಟರ್ಬೊ ಹಾಕಿದ ಎಂಜಿನ್ನಿಗೆ ಗಾಳಿಯ ಒತ್ತಡ ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ಹೋಗಬೇಕು. ಹೆಚ್ಚಾಯಿತೋ, ಪೆಟ್ರೋಲು ತನ್ನ ಸರದಿಗೆ ಕಾಯದೆ ತಾನಾಗಿ ಸಿಡಿಯುತ್ತದೆ. ಅದಕ್ಕೆ ನಾಕಿಂಗು ಅನ್ನುತ್ತಾರೆ. ಸುತ್ತಿಗೆಯಿಂದ ಪಿಸ್ಟನ್ನಿನ ನೆತ್ತಿಗೆ ಬಡಿದ ಹಾಗೆ. ಹೊರಗೆ ಕೇಳುವುದು ಮಾತ್ರ ತೆಳ್ಳಗಿನ ಒಂದು ಟಿಣ್ ಟಿಣ್. ಅದು ಕೇಳಿದ ಕೂಡಲೇ ಕಾಲು ತೆಗೆಯಬೇಕು. ಕೇಳದೆ ಒಂದೇ ನಿಮಿಷ ಒತ್ತಿದರೆ ಪಿಸ್ಟನ್ನಿಗೆ ತೂತು ಬಿದ್ದು ಎಂಜಿನ್ನು ಗುಜರಿಗೆ. ಬೆಟ್ಟದ ರಸ್ತೆಯಲ್ಲಿ ಡಾಕ್ಟರಮ್ಮ ಒತ್ತುವುದು ಒಂದು ನಿಮಿಷವಲ್ಲ, ನಾಲ್ಕು ನಿಮಿಷ. ಅದೂ ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಏನೂ ಇಲ್ಲ ಎನ್ನುವಂಥ ಜಾಗದಲ್ಲಿ.

ನಾಕಿಂಗು ಹಿಡಿಯಲು ಈಗ ಬೇಕಾದಷ್ಟು ಉಪಕರಣಗಳಿವೆ. ಮೇಸ್ತ್ರಿ ಅವನ್ನು ಮುಟ್ಟಿದವನಲ್ಲ. ಅವನದು ಅವನೇ ಮಾಡಿಕೊಂಡ ತಾಮ್ರದ ಕೊಳವೆ. ಅದರ ಒಂದು ತುದಿಯನ್ನು ಚಪ್ಪಟೆ ಮಾಡಿ ಎಂಜಿನ್ನಿನ ಮೈಗೆ ಬೋಲ್ಟಿನಿಂದ ಬಿಗಿಯುವುದು, ಇನ್ನೊಂದು ತುದಿಗೆ ರಬ್ಬರ್ ಕೊಳವೆ ಸಿಕ್ಕಿಸಿ ಕಾರಿನೊಳಗೆ ತರುವುದು, ಅದನ್ನು ಕಿವಿ ಪೂರ್ತಿ ಮುಚ್ಚುವ ಎರಡು ಬಟ್ಟಲುಗಳಿಗೆ ಜೋಡಿಸುವುದು. ಡಾಕ್ಟರುಗಳ ಸ್ಟೆತಸ್ಕೋಪಿನ ದೊಡ್ಡಣ್ಣ. ಅದನ್ನು ತಲೆಗೆ ಹಾಕಿಕೊಂಡು ಗಾಡಿ ಓಡಿಸುವಾಗ ಮೇಸ್ತ್ರಿಯ ಮುಖ ನೋಡಬೇಕು, ಹುಟ್ಟುವ ಮಗುವಿನ ಎದೆಬಡಿತ ಕೇಳುತ್ತಿರುವ ಸೂಲಗಿತ್ತಿಯ ಹಾಗೆ.

ಮರುದಿನ ಅವನೊಬ್ಬನೇ ಹೊಸ ಬೈಪಾಸ್ ರಸ್ತೆಗೆ ಹೋದ. ಐದು ಪೌಂಡ್ ಒತ್ತಡಕ್ಕೆ ಓಡಿಸಿದ, ಸದ್ದಿಲ್ಲ. ಆರಕ್ಕೇರಿಸಿದ, ಸದ್ದಿಲ್ಲ. ಏಳಕ್ಕೆ ಗಾಡಿ ಅವನ ಬೆನ್ನನ್ನು ಸೀಟಿಗೆ ಅಂಟಿಸಿತು. ಕೊಳವೆಯಲ್ಲಿ ಹಾಲು ಸುರಿದಂಥ ನುಣುಪು. ಇನ್ನೂ ಅರ್ಧ ಪೌಂಡ್ ಏರಿಸಬಹುದು ಎಂದು ಒತ್ತಡದ ತಿರುಪಿಗೆ ಕೈ ಚಾಚಿದ. ಆದರೆ ಅಂಗಡಿಯವನು ಸೀಟಿ ಎಂದನಲ್ಲ, ಅದು ಎಲ್ಲೋ ಚುಚ್ಚುತ್ತಿತ್ತು. ಗಾಡಿಯನ್ನು ಪಕ್ಕಕ್ಕೆ ಹಾಕಿ, ಬಾನೆಟ್ ಎತ್ತಿ, ಎಂಜಿನ್ನು ಆರುವವರೆಗೆ ಕಾದು, ಒಂದು ಸ್ಪಾರ್ಕ್ ಪ್ಲಗ್ಗು ಬಿಚ್ಚಿ ಕನ್ನಡಕ ಹಾಕಿಕೊಂಡು ನೋಡಿದ.

ಪ್ಲಗ್ಗಿನ ತುದಿಯ ಬಿಳಿ ಪಿಂಗಾಣಿಯ ಮೇಲೆ ಸಣ್ಣ ಸಣ್ಣ ಹೊಳೆಯುವ ಚುಕ್ಕೆಗಳು. ಯಾರೋ ಮೆಣಸಿನ ಪುಡಿ ಉದುರಿಸಿದ ಹಾಗೆ. ಅದು ಪಿಸ್ಟನ್ನಿನ ಲೋಹ. ಎಂಜಿನ್ನು ದಾರಿಯುದ್ದಕ್ಕೂ ಟಿಣ್ ಟಿಣ್ ಎಂದು ಬಡಿದುಕೊಂಡಿತ್ತು. ಕೊಳವೆ ಅದನ್ನು ತಂದು ಅವನ ಕಿವಿಯ ಬಾಗಿಲಿಗೇ ಹಾಕಿತ್ತು. ಬಾಗಿಲು ಮುಚ್ಚಿತ್ತು.

ಮೇಸ್ತ್ರಿ ರಸ್ತೆ ಬದಿಯ ಕಲ್ಲಿನ ಮೇಲೆ ಆ ಪ್ಲಗ್ಗನ್ನು ಹಿಡಿದು ತುಂಬ ಹೊತ್ತು ಕೂತಿದ್ದ. ಆಮೇಲೆ ಒತ್ತಡವನ್ನೆಲ್ಲ ಇಳಿಸಿ, ಎತ್ತಿನ ಗಾಡಿಯ ವೇಗದಲ್ಲಿ ವಾಪಸು ಬಂದ. ಆರೂ ಸಿಲಿಂಡರುಗಳ ಬಿಗಿ ಅಳೆದು ನೋಡಿದ. ಪುಣ್ಯಕ್ಕೆ ಆರೂ ಸಮ. ಪಿಸ್ಟನ್ನುಗಳು ಬದುಕಿದ್ದವು.

ಮೆಟ್ಟಿಲು ಹತ್ತಿ ಮೇಲೆ ಹೋದಾಗ ಹೆಂಡತಿ ಒಂದು ಕೋಟಿಗೆ ಕಾಜ ಹಾಕುತ್ತಿದ್ದಳು. ಪಕ್ಕದ ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆ ಕಾಯುತ್ತಿತ್ತು. ಹೊಸ ಬಗೆಯದು, ಬಿಸಿಯಾದ ಕೂಡಲೇ ಕೂಗುತ್ತದೆ ಎಂದು ಅದನ್ನು ತಂದ ದಿನ ಅವಳು ಹೇಳಿದ್ದಳು. ಅದು ಕೂಗುವುದೇ ಇಲ್ಲ, ಅಂಗಡಿಯವನು ಟೋಪಿ ಹಾಕಿದ ಎಂದು ಇವನು ಎರಡು ವರ್ಷದಿಂದ ಹೇಳಿಕೊಂಡು ಬಂದಿದ್ದ. ಈಗ ಅವನು ಸುಮ್ಮನೆ ಕೂತು ಅವಳನ್ನೇ ನೋಡಿದ. ಅವಳು ಸೂಜಿಯಲ್ಲೇ ಕಣ್ಣಿಟ್ಟಿದ್ದಳು. ಒಂದು ಗಳಿಗೆಗೆ ತಲೆ ಎತ್ತಿ, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಎದ್ದು ಇಸ್ತ್ರಿಪೆಟ್ಟಿಗೆಯ ಕಡೆ ನಡೆದಳು. ಕೋಣೆಯಲ್ಲಿ ಯಾವ ಸದ್ದೂ ಆಗಿರಲಿಲ್ಲ.

"ಈಗ ಅದು ಕೂಗ್ತಾ?" ಎಂದ.

ಅವಳ ಕೈ ನಿಂತಿತು. "ಕೂಗ್ತು."

"ದಿನಾ ಕೂಗುತ್ತಾ?"

"ದಿನಾ ಕೂಗುತ್ತೆ ರೀ."

"ಮತ್ತೆ ನಾನು ಟೋಪಿ ಟೋಪಿ ಅನ್ನುವಾಗ ಯಾಕೆ ಹೇಳಲಿಲ್ಲ?"

"ಹೇಳ್ದೆ. ನೀವು ಕೇಳಿಸ್ಕೊಳ್ಲಿಲ್ಲ." ಅವಳು ಕೋಟನ್ನು ಹರವಿ ತೋಳಿನ ಮೇಲೆ ಇಸ್ತ್ರಿ ಎಳೆದಳು. "ಆಮೇಲೆ ಹೇಳೋದು ಬಿಟ್ಟೆ. ಊರೆಲ್ಲಾ ಕಿವಿ ಮೇಸ್ತ್ರಿ ಅಂತ ಕರೀವಾಗ ಮನೇಲಿ ಕೂತು ಅದಲ್ಲ ಅನ್ನೋಕೆ ನಂಗೆ ಬಾಯಿ ಬರಲಿಲ್ಲ."

"ನೀನು ಮೆತ್ತಗೆ ಮಾತಾಡ್ತೀಯ ಅಂದ್ಕೊಂಡಿದ್ದೆ."

"ನಾನು ಮೆತ್ತಗೆ ಮಾತಾಡೋದಾ? ನಾನು ನಿಮ್ಮನ್ನ ಊಟಕ್ಕೆ ಕರೆದ್ರೆ ಹಿಂದಿನ ಬೀದಿ ಮನೆಯಿಂದ ನನ್ನ ತಮ್ಮ ಬಂದು ಕೂರ್ತಾನೆ."

ಅದು ನಿಜ. ಭಾವಮೈದ ಇತ್ತೀಚೆಗೆ ಊಟದ ಹೊತ್ತಿಗೆ ಸರಿಯಾಗಿ ಬರುತ್ತಿದ್ದ. ಮೇಸ್ತ್ರಿಗೆ ನಗು ಬಂತು. ಜೇಬಿನಿಂದ ಪ್ಲಗ್ಗು ತೆಗೆದು ಮೇಜಿನ ಮೇಲಿಟ್ಟ.

"ಇವತ್ತು ಡಾಕ್ಟ್ರಮ್ಮನ ಎಂಜಿನ್ನು ಸುಡ್ತಿದ್ದೆ ಕಣೇ. ನಂಗೇ ಗೊತ್ತಾಗದೆ."

ಅವಳು ಪ್ಲಗ್ಗನ್ನು ಬೆಳಕಿಗೆ ಹಿಡಿದು, ಅವನು ತೋರಿಸಿದ ಚುಕ್ಕೆಗಳನ್ನು ನೋಡಿದಳು. "ಬೇರೆ ಯಾರಿಗಾದ್ರೂ ಒಪ್ಪಿಸಿಬಿಡಿ."

"ಯಾರಿಗೆ? ಒಪ್ಪಿಸಿದ್ರೆ ಯಾಕೆ ಅಂತ ಕೇಳ್ತಾರೆ."

"ಹೇಳಿ."

"ಏನಂತ ಹೇಳ್ಲಿ? ಕಿವಿ ಮೇಸ್ತ್ರಿಗೆ ಕಿವಿ ಇಲ್ಲ ಅಂತಾನಾ? ಹೊರಗಿನ ಬೋರ್ಡಲ್ಲಿ ಕಿವಿ ಚಿತ್ರ ಬರೆಸಿದ್ದೀನಲ್ಲೇ."

ಅವಳು ಇಸ್ತ್ರಿಯನ್ನು ಆರಿಸಿ ಪಕ್ಕಕ್ಕಿಟ್ಟು, ಬಟ್ಟೆ ಅಂಗಡಿಗೆ ಹೊರಟವಳ ಹಾಗೆ ಕೇಳಿದಳು.

"ಆ ಸದ್ದು ಹೆಂಗಿರುತ್ತೆ, ನಂಗೆ ತೋರ್ಸಿ."

ಹೀಗೆ ಶುರುವಾಯಿತು ಆ ಪಾಠ. ಮೊದಲ ದಿನ ಗ್ಯಾರೇಜಿನಲ್ಲೇ. ಮೇಸ್ತ್ರಿ ಅವಳ ತಲೆಗೆ ಬಟ್ಟಲುಗಳನ್ನು ಹಾಕಿ, ಎಂಜಿನ್ನು ಚಾಲೂ ಮಾಡಿ, ಅದರ ಮೈಮೇಲೆ ಸಣ್ಣ ಪಾನಾದಿಂದ ತಟ್ಟಿದ.

"ಗುಂಡುಸೂಜಿ ಡಬ್ಬಿ ಅಲ್ಲಾಡಿಸಿದ ಹಂಗಿದೆ" ಎಂದಳು.

"ಹೂಂ, ಅದಕ್ಕಿಂತ ಸಣ್ಣದು. ಡಬ್ಬಿ ಪಕ್ಕದ ರೂಮಲ್ಲಿದ್ರೆ ಹೆಂಗೋ, ಹಂಗೆ."

"ಮತ್ತೆ ಟಕಟಕ ಅಂತ ಒಂದೇ ಸಮ ಹೊಲೀತಾ ಇದೆಯಲ್ಲ, ಅದು ಯಾರು?"

"ಅದು ಪೆಟ್ರೋಲ್ ಚಿಮ್ಮಿಸೋದು. ಅದು ಒಳ್ಳೇದು, ಅದರ ಪಾಡಿಗೆ ಬಿಡು."

"ಆಗಾಗ ಕೆಮ್ಮೋದು?"

ಮೇಸ್ತ್ರಿ ಅತ್ತಿತ್ತ ನೋಡಿದ. "ಅದು ನಿನ್ನ ತಮ್ಮ."

ಭಾವಮೈದ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನಿಗೆ ವಿಷಯ ಹೇಳಲೇಬೇಕಾಯಿತು. ಅವನು ತಲೆ ತಗ್ಗಿಸಿ ಎಲ್ಲಾ ಕೇಳಿಸಿಕೊಂಡ. "ಅಲ್ಲ ಭಾವ, ಹಾಗಾದ್ರೆ ಇಷ್ಟು ವರ್ಷ ನಾನು ಹಿಂದಿನಿಂದ ನಿನ್ನ ಬೈದಿದ್ದೆಲ್ಲಾ ದಂಡ?" ಎಂದ ಕೊನೆಗೆ.

ಎರಡನೇ ದಿನ ರಸ್ತೆಗೆ ಹೊರಟರು. ಮೇಸ್ತ್ರಿ ಸ್ಟೇರಿಂಗಿಗೆ, ಪಕ್ಕದಲ್ಲಿ ಹೆಂಡತಿ, ಅವಳ ತಲೆಗೆ ಬಟ್ಟಲು. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಅವಳು ಇಷ್ಟು ತಗ್ಗಿನ ಕಾರಿನಲ್ಲಿ ಕೂತವಳಲ್ಲ. "ನೆಲದ ಮೇಲೆ ಚಾಪೆ ಹಾಸಿ ಕೂತ ಹಂಗಿದೆ" ಎಂದು ಸೀರೆಯ ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡಳು. ಒಪ್ಪಂದ ಹೀಗಿತ್ತು: ಟಿಣ್ ಕೇಳಿದ ಕೂಡಲೇ ಅವಳು ಅವನ ತೊಡೆಗೆ ತಟ್ಟಬೇಕು, ಅವನು ಕಾಲು ತೆಗೆಯಬೇಕು.

ಐದು ಪೌಂಡಿಗೆ ಒತ್ತಿದ. ಅವಳು ತಕ್ಷಣ ಪಟಪಟ ತಟ್ಟಿದಳು. ಕಾಲು ತೆಗೆದ.

"ಕೇಳಿಸ್ತಾ?"

"ಇಲ್ಲ, ಹೆದರಿಕೆ ಆಯ್ತು."

"ಹೆದರಿಕೆಗೆ ತಟ್ಟಬೇಡ ಕಣೇ. ಹೆದರಿಕೆಗೆ ಕಿರುಚು. ಅದು ನಂಗೆ ಕೇಳಿಸಲ್ಲ, ತೊಂದ್ರೆ ಇಲ್ಲ."

ಎರಡನೇ ಸಲ ಒತ್ತಿದಾಗ ಅವಳು ಬಾಯಿ ತೆರೆದು ಏನೋ ಮಾಡುತ್ತಿದ್ದಳು, ಆದರೆ ತಟ್ಟಲಿಲ್ಲ. ಆರು ಪೌಂಡಿಗೂ ತಟ್ಟಲಿಲ್ಲ. ಆರೂವರೆಗೆ, ಮೂರನೇ ಗೇರಿನಲ್ಲಿ, ಎಂಜಿನ್ನಿನ ವೇಗ ತೋರಿಸುವ ಮುಳ್ಳು ಅರ್ಧ ದಾಟಿದ ಕೂಡಲೇ ಒಂದೇ ಒಂದು ಸಲ, ಮೆಲ್ಲಗೆ, ಖಚಿತವಾಗಿ ತಟ್ಟಿದಳು. ಬಟ್ಟೆ ಅಳೆಯುವವಳು ಬೆರಳಿಟ್ಟು ಇಲ್ಲಿಗೆ ಸಾಕು ಎಂದು ತೋರಿಸುವ ಹಾಗೆ.

ಮೇಸ್ತ್ರಿ ಗಾಡಿ ನಿಲ್ಲಿಸಿ, ಹಿಂದಿನ ರಾತ್ರಿ ಹೊಸದಾಗಿ ಹಾಕಿದ್ದ ಪ್ಲಗ್ಗು ಬಿಚ್ಚಿದ. ಕನ್ನಡಕ ಹಾಕಿ, ತೆಗೆದು, ಒರೆಸಿ, ಮತ್ತೆ ಹಾಕಿದ. ಬಿಳಿ ಪಿಂಗಾಣಿಯ ಮೇಲೆ ಎರಡೇ ಎರಡು ಚುಕ್ಕೆ, ಆಗಷ್ಟೇ ಬಿದ್ದವು.

"ಇತ್ತಾ?" ಎಂದಳು ಕಿಟಕಿಯಿಂದ.

"ಇತ್ತು."

"ಹೇಳ್ದೆನಲ್ಲ."

ಅವನು ಕಿಟ್ಟಿನ ಕಪ್ಪು ಡಬ್ಬಿಯ ಎರಡು ತಿರುಪುಗಳನ್ನು ತಿರುಗಿಸಿದ. ಕಿಡಿ ಸ್ವಲ್ಪ ತಡವಾಗಿ ಹಾರುವ ಹಾಗೆ, ಪೆಟ್ರೋಲು ಸ್ವಲ್ಪ ಹೆಚ್ಚು ಬೀಳುವ ಹಾಗೆ. ಮತ್ತೆ ಓಡಿಸಿದರು. ಮತ್ತೆ ತಟ್ಟಿದಳು, ಈ ಸಲ ಇನ್ನೂ ಮೇಲೆ. ಮತ್ತೆ ತಿರುಪು. ಹೀಗೆ ಮೂರು ದಿನ, ಬೆಳಿಗ್ಗೆ ಬೆಳಿಗ್ಗೆ, ಗಂಡ ಹೆಂಡತಿ ಬೈಪಾಸಿನ ಆ ತುದಿಯಿಂದ ಈ ತುದಿಗೆ ಓಡಾಡಿದರು. ಹಾಲಿನ ಲಾರಿಯವನು ಇವರನ್ನು ನೋಡಿ, ಮುದುಕರಿಬ್ಬರೂ ಮನೆ ಬಿಟ್ಟು ಓಡಿಹೋಗುವುದು, ಮನಸ್ಸು ಬದಲಾಯಿಸಿ ವಾಪಸು ಬರುವುದು ಮಾಡುತ್ತಿದ್ದಾರೆ ಎಂದು ಎಲ್ಲರಿಗೂ ಹೇಳಿದನಂತೆ. ಮೂರನೇ ದಿನದ ಕೊನೆಗೆ ಏಳು ಪೌಂಡಿನಲ್ಲಿ, ಮುಳ್ಳು ತುದಿ ಮುಟ್ಟಿದರೂ, ಅವಳ ಕೈ ಅವಳ ಮಡಿಲಲ್ಲೇ ಇತ್ತು. ಆ ಬೆಳಿಗ್ಗೆ ಹಾಕಿದ್ದ ಆರೂ ಹೊಸ ಪ್ಲಗ್ಗು ಬಿಚ್ಚಿ ಸಾಲಾಗಿ ಇಟ್ಟು ನೋಡಿದರೆ, ಆರೂ ಬಿಸ್ಕತ್ತಿನ ಬಣ್ಣ. ಒಂದು ಚುಕ್ಕೆ ಇಲ್ಲ.

ಶನಿವಾರ ಬೆಳಿಗ್ಗೆ ಡಾಕ್ಟರಮ್ಮ ಗಾಡಿ ಒಯ್ಯಲು ಬಂದರು. ಮೇಸ್ತ್ರಿ ಕೀಲಿಯನ್ನು ಕೈಯಲ್ಲೇ ಹಿಡಿದುಕೊಂಡ, ಕೊಡಲಿಲ್ಲ. ಇದನ್ನು ಹೇಳದೆ ಕೊಟ್ಟರೂ ನಡೆಯುತ್ತಿತ್ತು. ಎಂಜಿನ್ನು ಸರಿಯಾಗಿತ್ತು. ಆದರೆ ಅವರು ಆ ಬೆಟ್ಟಕ್ಕೆ ಹೋಗುವುದು ಅವನ ಕಿವಿಯನ್ನು ನಂಬಿ. ಆ ಕಿವಿ ಅದನ್ನು ಕೇಳಿಯೇ ಇರಲಿಲ್ಲ.

"ಅಮ್ಮಾ, ಒಂದು ಮಾತು. ಈ ಎಂಜಿನ್ನಿನ ನಾಕಿಂಗು ನೋಡಿದ್ದು ನಾನಲ್ಲ. ನಂಗೆ ಆ ಸದ್ದು ಕೇಳಿಸಲ್ಲ. ಟರ್ಬೊ ಶಿಳ್ಳೆನೂ ಕೇಳಿಸಲ್ಲ. ಅವತ್ತು ನಾನು ತಮಾಷೆ ಮಾಡ್ಲಿಲ್ಲ. ಮೊದಲನೇ ದಿನ ನಿಮ್ಮ ಎಂಜಿನ್ನನ್ನ ಇನ್ನೇನು ಸುಟ್ಟೇಬಿಡ್ತಿದ್ದೆ. ನೀವು ಬೇಕಾದ್ರೆ ಇದನ್ನ ಬೇರೆಯವರ ಹತ್ರ ತಗೊಂಡು ಹೋಗಿ ಉಪಕರಣ ಹಾಕಿ ನೋಡಿಸಿ. ಅದೇ ಒಳ್ಳೇದು."

ಡಾಕ್ಟರಮ್ಮ ಒಂದು ಗಳಿಗೆ ಅವನ ಮುಖವನ್ನೇ ನೋಡಿದರು. ಬಾಯಿ ತೆರೆಸಿ ಒಳಗೆ ಏನಿದೆ ಎಂದು ನೋಡುವಾಗ ನೋಡುತ್ತಾರಲ್ಲ, ಹಾಗೆ.

"ಎಷ್ಟು ದಿನದಿಂದ ಹಿಂಗೆ?"

"ಒಂದು ತಿಂಗಳಿಂದ" ಎಂದ ಮೇಸ್ತ್ರಿ.

"ಎರಡು ವರ್ಷದಿಂದ" ಎಂದಳು ಹೆಂಡತಿ.

"ನಾಲ್ಕು" ಎಂದ ಭಾವಮೈದ.

"ಮತ್ತೆ ಇದನ್ನ ಕೇಳಿದ್ದು ಯಾರು?"

ಮೇಸ್ತ್ರಿ ಹೆಂಡತಿಯ ಕಡೆ ಕೈ ತೋರಿಸಿದ. ಡಾಕ್ಟರಮ್ಮ ಅವಳ ಕಡೆ ತಿರುಗಿದರು. ಮೇಸ್ತ್ರಿಯ ಜೊತೆ ಮಾತಾಡುವಾಗಿನ ನಗು ಇರಲಿಲ್ಲ ಅವರ ಮುಖದಲ್ಲಿ. "ಹೇಳಿಯಮ್ಮಾ. ಹೆಂಗಿದೆ ನನ್ನ ಎಂಜಿನ್ನು?"

"ಏಳರವರೆಗೆ ಗಟ್ಟಿ ಹೊಲಿಗೆ. ಎಳೆದ್ರೂ ಬಿಡಲ್ಲ. ಏಳೂವರೆಗೆ ಹೋಗ್ಬೇಡಿ, ಅಲ್ಲಿ ಬಟ್ಟೆ ಕಮ್ಮಿ ಇದೆ. ಮೂರನೇ ಗೇರಲ್ಲಿ ಎಡಗಡೆ ಟರ್ಬೊ ಬಲಗಡೆದಕ್ಕಿಂತ ಒಂದು ಗಳಿಗೆ ಮೊದ್ಲು ಕೂಗುತ್ತೆ, ಅದಕ್ಕೆ ಹೆದರ್ಬೇಡಿ. ಟಿಣ್ ಅಂದ್ರೆ ಮಾತ್ರ ಕಾಲು ತೆಗೀರಿ."

"ನಾನು ಓಡಿಸುವಾಗ ಅದು ನಂಗೆ ಗೊತ್ತಾಗುತ್ತಾ?"

"ಮೊದಲ ಸಲ ಗೊತ್ತಾಗಲ್ಲ."

"ಹಾಗಾದ್ರೆ ಬನ್ನಿ, ಕೂತ್ಕೊಳ್ಳಿ. ಆ ಬಟ್ಟಲೂ ತಗೊಳ್ಳಿ. ಇವತ್ತು ಬೆಟ್ಟದ ಬುಡದವರೆಗೆ ಹೋಗಿ ಬರೋಣ. ನಂಗೆ ಗೊತ್ತಾಗೋವರೆಗೆ ನೀವು ತಟ್ಟಿ." ಅವರು ಮೇಸ್ತ್ರಿಯ ಕೈಯಿಂದ ಕೀಲಿಯನ್ನು ತೆಗೆದುಕೊಂಡರು. "ನಿಮ್ಗೆ ಜಾಗ ಇಲ್ಲ ಮೇಸ್ತ್ರಿ. ಎರಡೇ ಸೀಟು. ಸೋಮವಾರ ನಮ್ಮ ಆಸ್ಪತ್ರೆ ಮೇಲಿನ ಮಹಡಿಗೆ ಬನ್ನಿ, ಅಲ್ಲಿ ಕಿವಿ ಡಾಕ್ಟ್ರು ಇದ್ದಾರೆ. ಬರದಿದ್ರೆ ನಾನೇ ಬಂದು ಹಲ್ಲು ಕೀಳ್ತೀನಿ."

ಹೆಂಡತಿ ಬಟ್ಟಲು ಹಾಕಿಕೊಂಡು, ಈಗಾಗಲೇ ಅಭ್ಯಾಸವಾದವಳ ಹಾಗೆ ಒಂದು ಕಾಲು ಮೊದಲು, ಆಮೇಲೆ ಸೊಂಟ, ಆಮೇಲೆ ಇನ್ನೊಂದು ಕಾಲು ಒಳಗೆ ಹಾಕಿ ಕೂತಳು. ಕಾರು ಹೊರಟಿತು. ಬೀದಿಯ ತುದಿಯಲ್ಲಿ ಎಡಕ್ಕೆ ತಿರುಗಿ ಕಣ್ಮರೆಯಾಯಿತು.

ಮೇಸ್ತ್ರಿ ಮತ್ತು ಭಾವಮೈದ ರಸ್ತೆಯ ಮಧ್ಯದಲ್ಲೇ ನಿಂತಿದ್ದರು.

"ಇನ್ನು ಗಿರಾಕಿಗಳಿಗೆ ಏನಂತ ಹೇಳ್ತೀಯ ಭಾವ?"

"ಇದ್ದದ್ದು ಇದ್ದ ಹಂಗೆ ಹೇಳ್ತೀನಿ. ನಿನ್ನೆ ಒಬ್ಬರಿಗೆ ಹೇಳ್ದೆ. ಹೊಟ್ಟೆ ಹಿಡ್ಕೊಂಡು ನಕ್ಕು, ನೀನು ಬಿಡಪ್ಪಾ ಅಂತ ಬೆನ್ನು ತಟ್ಟಿ ಹೋದ್ರು."

ದೂರದಲ್ಲಿ, ಬಹುಶಃ ಸೇತುವೆಯ ಹತ್ತಿರ, ಡಾಕ್ಟರಮ್ಮ ಕಾಲು ಒತ್ತಿದರು ಎಂದು ಕಾಣುತ್ತದೆ. ಭಾವಮೈದ ತಲೆ ಎತ್ತಿದ.

"ಶಿಳ್ಳೆ ಶುರುವಾಯ್ತು ಭಾವ. ಏರ್ತಾ ಇದೆ. ಸಣ್ಣಗೆ, ಸೂಜಿ ಹಂಗೆ."

"ಎಡಗಡೆದು ಮೊದ್ಲು ಬಂತಾ?"

"ಹೂಂ. ಈಗ ಎರಡೂ ಒಂದಾಯ್ತು. ಮೂರನೇ ಗೇರು ಹಾಕಿದ್ರು ನೋಡು."

ಮೇಸ್ತ್ರಿ ಕಣ್ಣು ಮುಚ್ಚಿದ. ಶಿಳ್ಳೆ ಅವನಿಗಿರಲಿಲ್ಲ. ಅದರ ಕೆಳಗೆ, ದೂರದ ಗುಡುಗಿನ ಹಾಗೆ, ಎಂಜಿನ್ನಿನ ದಪ್ಪ ದನಿ ಮಾತ್ರ ಸ್ಪಷ್ಟವಾಗಿತ್ತು.

"ಮೂರಲ್ಲ ಕಣಯ್ಯಾ" ಎಂದ. "ನಾಲ್ಕು. ಸರಿಯಾಗಿ ಕೇಳು."